ಯುದ್ಧ ಯಾಕೆ ಆಯ್ತು, ಅಜ್ಜ?

ಆತ್ಮೀಯ ಕೇಳುಗರೇ, ನಮಸ್ಕಾರ.

ನಮ್ಮ ಕೊಡಗಿನ ಎಷ್ಟೋ ಐನ್‌ಮನೆಗಳ, ಅಂದರೆ ಕುಟುಂಬದ ಮೂಲ ಮನೆಗಳ, ಗೋಡೆಯ ಮೇಲೆ ಮಿಲಿಟರಿ ಸಮವಸ್ತ್ರದಲ್ಲಿರುವ ಹಿರಿಯರ ಫೋಟೋ ಇದೆ. ಕೆಲವು ಫೋಟೋಗಳಿಗೆ ಹಾರ ಹಾಕಿರುತ್ತಾರೆ. ಹಾರ ಕಂಡ ಮಗು ಕೇಳುತ್ತದೆ: "ಯುದ್ಧ ಯಾಕೆ ಆಯ್ತು, ಅಜ್ಜ?" ಕಾಲೇಜಿನಲ್ಲಿ ನಾವು ಅಂತರರಾಷ್ಟ್ರೀಯ ಸಂಬಂಧಗಳು ಎಂದು ಓದುವ ವಿಷಯ ಹುಟ್ಟಿದ್ದೂ ಇದೇ ಪ್ರಶ್ನೆಯಿಂದ.

ಅದು 1919. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಬ್ರಿಟನ್ನಿನ ವೇಲ್ಸ್ ನಮ್ಮ ಹಾಗೆಯೇ ಗುಡ್ಡಗಳ ನಾಡು, ಮಳೆಯೂ ಜಾಸ್ತಿ. ಅಲ್ಲಿನ ಕಡಲತೀರದ ಪುಟ್ಟ ಊರು ಅಬೆರಿಸ್ಟ್ವಿತ್. ಅಲ್ಲಿನ ಕಾಲೇಜಿನ ಹುಡುಗರೂ ಯುದ್ಧದಲ್ಲಿ ಸತ್ತಿದ್ದರು. ಅವರ ನೆನಪಿಗೆಂದು ವೇಲ್ಸಿನ ಶ್ರೀಮಂತ ಸಂಸದ ಡೇವಿಡ್ ಡೇವಿಸ್ ಮತ್ತು ಅವರ ಇಬ್ಬರು ತಂಗಿಯರು 20,000 ಪೌಂಡ್ ಕೊಟ್ಟರು. ಡೇವಿಸ್ ಸ್ವತಃ ಯುದ್ಧ ಕಂಡವರು. ತಂಗಿಯರು ಫ್ರಾನ್ಸಿನಲ್ಲಿ ಸೈನಿಕರಿಗಾಗಿ ಕ್ಯಾಂಟೀನ್ ನಡೆಸಿದವರು. ಅವರು ಕಲ್ಲಿನ ಸ್ಮಾರಕ ಕಟ್ಟಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, ದೇಶಗಳ ನಡುವಿನ ಸಂಬಂಧ ಕಲಿಸಲು ಒಂದು ಪ್ರಾಧ್ಯಾಪಕ ಪೀಠವನ್ನೇ ಕಟ್ಟಿದರು. ಇದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ.

ಆ ಪೀಠಕ್ಕೆ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಹೆಸರಿಟ್ಟರು. ಮೊದಲ ಪ್ರಾಧ್ಯಾಪಕರು ಆಲ್ಫ್ರೆಡ್ ಝಿಮ್ಮರ್ನ್. ದೇಶಗಳೆಲ್ಲ ಒಂದು ಸಂಘದಲ್ಲಿ ಕೂತು ಮಾತಾಡಿದರೆ ಯುದ್ಧ ತಪ್ಪುತ್ತದೆ ಎಂಬ ನಂಬಿಕೆಯ ಕಾಲ ಅದು. 1936ರಲ್ಲಿ ಅದೇ ಪೀಠಕ್ಕೆ ಇ. ಎಚ್. ಕಾರ್ ಬಂದರು. ಶಾಂತಿ ಬೇಕು ಎಂದರೆ ಸಾಲದು, ಯಾರ ಕೈಯಲ್ಲಿ ಬಲ ಇದೆ ಎಂದೂ ನೋಡಬೇಕು ಎಂದರು. 1939ರಲ್ಲಿ ಅವರ ಪುಸ್ತಕ ಹೊರಬರುವ ಹೊತ್ತಿಗೆ ಎರಡನೇ ಮಹಾಯುದ್ಧವೇ ಶುರುವಾಗಿತ್ತು.

ಬಲದ ಲೆಕ್ಕ ನಮಗೇನೂ ಹೊಸದಲ್ಲ. ಗಡಿಗೆ ಅಂಟಿದ ರಾಜ ಶತ್ರು, ಅವನಾಚೆಯ ರಾಜ ಮಿತ್ರ ಎಂದು ಕೌಟಿಲ್ಯ ಎಂದೋ ಬರೆದಿಟ್ಟಿದ್ದ. ಕಣ್ಮರೆಯಾಗಿದ್ದ ಆ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು. ದೆಹಲಿಯಲ್ಲಿ ಅಂತರರಾಷ್ಟ್ರೀಯ ಸಂಬಂಧಗಳಿಗೇ ಮೀಸಲಾದ ಉನ್ನತ ಅಧ್ಯಯನದ ಶಾಲೆ ಶುರುವಾಗಿದ್ದು 1955ರಲ್ಲಿ. ಅದು ಮುಂದೆ ಜೆಎನ್‌ಯು ಸೇರಿತು.

ಅದಕ್ಕೂ ಎರಡು ವರ್ಷ ಮೊದಲೇ ನಮ್ಮ ಮಡಿಕೇರಿಯ ಮಗ, ಸೇನಾಧಿಕಾರಿ ತಿಮ್ಮಯ್ಯ, ಈ ಪಾಠವನ್ನು ಬಯಲಲ್ಲಿ ನಿಂತು ಎದುರಿಸಿದ್ದರು. ಕೊರಿಯಾ ಯುದ್ಧದ ಸೆರೆಯಾಳುಗಳಲ್ಲಿ 22 ಸಾವಿರಕ್ಕೂ ಹೆಚ್ಚು ಜನ ಊರಿಗೆ ಮರಳಲು ಒಪ್ಪಿರಲಿಲ್ಲ. ಎಲ್ಲರನ್ನೂ ವಾಪಸ್ ಕಳಿಸಿ ಎಂದು ಒಂದು ಕಡೆ, ಬಲವಂತ ಬೇಡ ಎಂದು ಇನ್ನೊಂದು ಕಡೆ ಹಟ ಹಿಡಿದಿದ್ದವು. ಈ ಒಂದೇ ವಿಷಯಕ್ಕೆ ಕದನವಿರಾಮ ವರ್ಷಕ್ಕೂ ಹೆಚ್ಚು ಕಾಲ ತಡವಾಗಿತ್ತು. ಕೊನೆಗೆ ಐದು ದೇಶಗಳ ಆಯೋಗ ಮಾಡಿದರು. ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಒಂದು ಕಡೆ, ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆ. ನಡುವೆ ಭಾರತ. ಅಧ್ಯಕ್ಷರ ಕುರ್ಚಿಯಲ್ಲಿ ಜನರಲ್ ತಿಮ್ಮಯ್ಯ. ಝಿಮ್ಮರ್ನರ ಆಸೆ, ಕಾರ್ ಅವರ ಎಚ್ಚರ ಎರಡೂ ಅವರಿಗೆ ದಿನಾ ಬೇಕಾಗಿತ್ತು, ಅಲ್ವಾ?

ಈ ವಿಷಯ ಓದುವ ನಮ್ಮ ಮಕ್ಕಳಿಗೆ ಒಂದು ಮಾತು. ಪುಸ್ತಕ ತೆರೆಯುವ ಮೊದಲು ಮಡಿಕೇರಿಯ ಸನ್ನಿಸೈಡ್‌ಗೆ ಹೋಗಿ ಬನ್ನಿ. ತಿಮ್ಮಯ್ಯನವರ ಮನೆ ಈಗ ಮ್ಯೂಸಿಯಂ ಆಗಿದೆ. 1965ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಿದ್ದು ದೂರದ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಮುನ್ನಡೆಸುತ್ತಿದ್ದಾಗ.

ನಮಸ್ಕಾರ.