ಕೈಗುಣ ಬೇಡದ ಅಡುಗೆಮನೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆ ಒಂದು ಹೋಟೆಲ್ ಚೆನ್ನಾಗಿ ಓಡಿದರೆ, ಅದು ಅಲ್ಲಿಯ ಭಟ್ಟರ ಕೈಗುಣ ಅನ್ನುತ್ತೇವೆ. ಭಟ್ಟರು ಕೆಲಸ ಬಿಟ್ಟ ಮರುತಿಂಗಳು, ಸಾಂಬಾರು ಮೊದಲಿನ ಹಾಗಿಲ್ಲ ಅನ್ನುವವರೂ ನಾವೇ. ಈ ಕೈಗುಣವನ್ನೇ ಅಡುಗೆಮನೆಯಿಂದ ಆಚೆ ಕಳಿಸಿ ಗೆದ್ದವರು ಅಮೆರಿಕದ ರೇ ಕ್ರಾಕ್. ಮೆಕ್‌ಡೊನಾಲ್ಡ್ಸ್ ಎಂಬ ಬರ್ಗರ್ ಅಂಗಡಿಯನ್ನು ಊರೂರಿಗೆ ಹಬ್ಬಿಸಿದವರು. ಅವರು ಬರ್ಗರನ್ನೂ ಕಂಡುಹಿಡಿಯಲಿಲ್ಲ, ಆ ಹೆಸರೂ ಅವರದಲ್ಲ.

1902ರಲ್ಲಿ ಶಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ ಹುಟ್ಟಿದ ಕ್ರಾಕ್ ವರ್ಷಗಟ್ಟಲೆ ಪೇಪರ್ ಕಪ್ ಮಾರಿದರು, ಆಮೇಲೆ ಮಿಲ್ಕ್‌ಶೇಕ್ ಕಡೆಯುವ ಮಲ್ಟಿಮಿಕ್ಸರ್ ಯಂತ್ರ ಮಾರಿದರು. ಆ ಯಂತ್ರಕ್ಕೆ ಐದು ಕಡ್ಡಿ, ಒಂದೇ ಸಲಕ್ಕೆ ಐದು ಲೋಟ. ಸಾಧಾರಣ ಅಂಗಡಿಗೆ ಒಂದು ಯಂತ್ರ ಇದ್ದರೆ ಧಾರಾಳ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋದ ಒಂದು ಅಂಗಡಿಯವರು ಎಂಟು ಕೊಂಡಿದ್ದರು. ಒಮ್ಮೆಗೇ ನಲವತ್ತು ಮಿಲ್ಕ್‌ಶೇಕ್ ಕುಡಿಯುವ ಗಿರಾಕಿಗಳು ಅಲ್ಲಿಗೆ ಎಲ್ಲಿಂದ ಬರುತ್ತಾರೆ? 1954ರಲ್ಲಿ ಕ್ರಾಕ್ ಖುದ್ದಾಗಿ ನೋಡಲು ಹೋದರು. ಆಗ ಅವರಿಗೆ ವಯಸ್ಸು 52. ಸಕ್ಕರೆ ಕಾಯಿಲೆಯೂ ಇತ್ತು, ಸಂಧಿವಾತವೂ ಇತ್ತು.

ಆ ಅಂಗಡಿ ರಿಚರ್ಡ್ ಮತ್ತು ಮಾರಿಸ್ ಮೆಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರದು. ಅವರು 1948ರಲ್ಲೇ ಒಂದು ಎದೆಗಾರಿಕೆಯ ಕೆಲಸ ಮಾಡಿದ್ದರು. ಎರಡು ಡಜನ್ ತಿಂಡಿಗಳಿದ್ದ, ಕಾರಿನ ಬಳಿಗೇ ತಟ್ಟೆ ಕೊಂಡೊಯ್ಯುವ ಹುಡುಗಿಯರಿದ್ದ, ಲಾಭದಲ್ಲೇ ನಡೆಯುತ್ತಿದ್ದ ಹೋಟೆಲಿಗೆ ಬೀಗ ಹಾಕಿದರು. ಹಳೆಯ ಬಿಲ್ಲುಗಳನ್ನು ಕೂಡಿಸಿ ನೋಡಿದಾಗ ಬಹುಪಾಲು ವ್ಯಾಪಾರ ಹ್ಯಾಂಬರ್ಗರ್ ಒಂದರಿಂದಲೇ ಬರುತ್ತಿತ್ತು. ಮತ್ತೆ ಬಾಗಿಲು ತೆಗೆದಾಗ ಪಟ್ಟಿಯಲ್ಲಿ ಒಂಬತ್ತೇ ಪದಾರ್ಥ. ತಟ್ಟೆ, ಚಮಚ, ಲೋಟ ಇಲ್ಲ, ಎಲ್ಲಕ್ಕೂ ಕಾಗದ. 30 ಸೆಂಟಿನ ಬರ್ಗರ್ 15 ಸೆಂಟಿಗೆ ಇಳಿಯಿತು. ಪ್ರತಿ ಬರ್ಗರಿಗೂ ಕೆಚಪ್, ಸಾಸಿವೆ, ಹೆಚ್ಚಿದ ಈರುಳ್ಳಿ, ಎರಡು ಬಿಲ್ಲೆ ಉಪ್ಪಿನಕಾಯಿ ಸೌತೆ. ಈರುಳ್ಳಿ ಬೇಡ ಅಂದವರು ಕಾಯಬೇಕು. ಮುಂದೆ ಹೊಸ ಅಡುಗೆಮನೆ ಕಟ್ಟುವ ಮೊದಲು ಅದರ ನಕ್ಷೆಯನ್ನು ಮನೆಯ ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ಬರೆದರು. ಕೆಲಸದವರನ್ನು ಅದರೊಳಗೆ ಬರಿಗೈಯಲ್ಲಿ ಓಡಾಡಿಸಿ, ಯಾರ ಮೊಣಕೈ ಯಾರಿಗೆ ತಾಗುತ್ತದೆ, ಯಾರು ಎರಡು ಹೆಜ್ಜೆ ಜಾಸ್ತಿ ಇಡುತ್ತಾರೆ ಎಂದು ನೋಡಿ, ಗೆರೆ ಅಳಿಸಿ ಮತ್ತೆ ಬರೆದರು. ಹೋಟೆಲ್ ಹಾಕಬೇಕೆನ್ನುವವರು ಗ್ರಾನೈಟ್ ಕೂರಿಸುವ ಮೊದಲು ಇಷ್ಟು ಮಾಡಿದರೆ ಖರ್ಚು ಒಂದು ಸೀಮೆಸುಣ್ಣದ್ದು ಮಾತ್ರ. ಆದರೆ 1948ರ ಆ ಹೊಸ ಏರ್ಪಾಡಿನ ಮೊದಲ ತಿಂಗಳುಗಳಲ್ಲಿ ವ್ಯಾಪಾರ ಬಿದ್ದೇ ಹೋಯಿತು. ತಾವೇ ಎದ್ದುಬಂದು ಸಾಲಿನಲ್ಲಿ ನಿಲ್ಲುವುದು ಗಿರಾಕಿಗಳಿಗೆ ರೂಢಿಯಾಗಲು ಸಮಯ ಹಿಡಿಯಿತು.

ಇದೇ ಪದ್ಧತಿಯನ್ನು ಬೇರೆ ಊರುಗಳಿಗೆ ಒಯ್ಯುವ ಪರವಾನಗಿ ಪಡೆದ ಕ್ರಾಕ್, 1955ರ ಏಪ್ರಿಲ್ 15ರಂದು ಶಿಕಾಗೋ ಬಳಿಯ ಡೆಸ್ ಪ್ಲೇನ್ಸ್‌ನಲ್ಲಿ ಬಾಗಿಲು ತೆರೆದರು. ಮೊದಲ ದಿನ ಗಲ್ಲಾಕ್ಕೆ ಬಿದ್ದದ್ದು 366 ಡಾಲರ್ 12 ಸೆಂಟ್. ಬರ್ಗರ್ ಸರಿಯಾಗಿ ಬಂತು. ಕೈಕೊಟ್ಟದ್ದು ಆಲೂಗಡ್ಡೆ.

ಅಣ್ಣತಮ್ಮಂದಿರು ಮಾಡುತ್ತಿದ್ದ ಹಾಗೆಯೇ ಆಲೂಗಡ್ಡೆ ಸುಲಿದು, ಕಡ್ಡಿಯಾಗಿ ಕೊಯ್ದು, ತಣ್ಣೀರಿನಲ್ಲಿ ನೆನೆಸಿ, ಪಿಷ್ಟ ಹೋಗುವಂತೆ ತೊಳೆದು ಕರಿದರೂ ಫ್ರೈಸ್ ಮೆತ್ತಗೆ, ರುಚಿಯಿಲ್ಲದ ಹಾಗೆ ಆಗುತ್ತಿದ್ದವು. ಫೋನ್ ಮಾಡಿ ಕೇಳಿದರು, ಒಂದು ಹಂತವೂ ತಪ್ಪಿರಲಿಲ್ಲ. ಕೊನೆಗೆ ಆಲೂಗಡ್ಡೆ ಬಲ್ಲವರು, ಅಂಗಡಿಗೆ ಮೂಟೆ ಬಂದ ಕ್ಷಣದಿಂದ ಏನೇನು ಮಾಡುತ್ತಿದ್ದರು ಹೇಳಿ ಎಂದಾಗ ಗುಟ್ಟು ಹೊರಬಿತ್ತು. ಸ್ಯಾನ್ ಬರ್ನಾರ್ಡಿನೋದಲ್ಲಿ ಆಲೂಗಡ್ಡೆಯನ್ನು ನೆರಳಿನಲ್ಲಿ, ತಂತಿಬಲೆಯ ತೊಟ್ಟಿಗಳಲ್ಲಿ ಇಡುತ್ತಿದ್ದರು. ಮರುಭೂಮಿಯ ಒಣಗಾಳಿ ಅದರ ಮೇಲೆ ಹಾಯುತ್ತಿತ್ತು. ಅದರಿಂದ ನೀರಿನಂಶ ತಗ್ಗಿ, ಒಳಗಿನ ಸಕ್ಕರೆ ಪಿಷ್ಟವಾಗಿ ತಿರುಗುತ್ತಿತ್ತು. ಅಲ್ಲಿ ಅಡುಗೆಯ ಅರ್ಧ ಕೆಲಸ ಗಾಳಿಯೇ ಮಾಡುತ್ತಿತ್ತು, ಅದು ಆ ಅಣ್ಣತಮ್ಮಂದಿರಿಗೂ ಗೊತ್ತಿರಲಿಲ್ಲ. ಡೆಸ್ ಪ್ಲೇನ್ಸ್‌ನ ನೆಲಮಾಳಿಗೆಯಲ್ಲಿ ಗಾಳಿಯೆಲ್ಲಿ ಬರಬೇಕು? ಕ್ರಾಕ್ ಅಲ್ಲಿ ದೊಡ್ಡ ಫ್ಯಾನ್ ಹಾಕಿಸಿದರು, ಹಳೆಯ ಮಾಲು ಮೊದಲು ಮೇಲೆ ಹೋಗುವಂತೆ ಸಾಲು ಮಾಡಿಸಿದರು. ಎಣ್ಣೆಯಲ್ಲಿ ಎರಡು ಸಲ ಕರಿಯುವ ಕ್ರಮ ತಂದರು. ಮೊದಲು ಅರ್ಧ ಬೇಯಿಸಿ ಆರಲು ಬಿಡುವುದು, ಗಿರಾಕಿ ಬಂದಾಗ ಮತ್ತೆ ಗರಿಗರಿ ಮಾಡುವುದು.

ಇದು ಮನೆಯಲ್ಲೂ ಕಾಣುವ ಮಾತು. ಫ್ರಿಜ್‌ನಲ್ಲಿ ವಾರಗಟ್ಟಲೆ ಇಟ್ಟ ಆಲೂಗಡ್ಡೆ ಬಾಣಲೆಗೆ ಬಿದ್ದ ಕೂಡಲೇ ಹೊರಗೆ ಕಂದಾಗುತ್ತದೆ, ಒಳಗಿನ್ನೂ ಹಸಿ. ತಂಪಿಗೆ ಪಿಷ್ಟ ಸಕ್ಕರೆಯಾಗಿರುತ್ತದೆ, ಸಕ್ಕರೆ ಬೇಗ ಸೀಯುತ್ತದೆ. ಉರಿ ಹೆಚ್ಚಾಯಿತು ಎಂದು ಒಲೆಯನ್ನು ಬೈದು ಪ್ರಯೋಜನವಿಲ್ಲ.

ಕ್ರಾಕ್ ಅಷ್ಟಕ್ಕೇ ಬಿಡಲಿಲ್ಲ. ಅವರ ಕಂಪನಿಯವರು ಆಲೂಗಡ್ಡೆಯಲ್ಲಿ ಗಟ್ಟಿ ಅಂಶ, ಅಂದರೆ ನೀರು ಬಿಟ್ಟು ಉಳಿಯುವ ಭಾಗ, ಶೇಕಡ 21ಕ್ಕೆ ಕಡಿಮೆ ಇರಬಾರದು ಎಂದು ನಿಯಮ ಮಾಡಿ, ಸರಬರಾಜುದಾರರ ಗೋದಾಮಿಗೇ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಿಡಿದು ಹೋಗಿ ಅಳೆದರು. ಎಣ್ಣೆಯ ವಿಷಯದಲ್ಲೂ ಒಂದು ಸೂಕ್ಷ್ಮ ಸಿಕ್ಕಿತು. ತಣ್ಣನೆಯ ಆಲೂಗಡ್ಡೆ ಬಿದ್ದಾಗ ಎಣ್ಣೆಯ ಶಾಖ ಇಳಿಯುತ್ತದೆ, ಪ್ರತಿ ಸಲವೂ ಬೇರೆ ಬೇರೆ ಮಟ್ಟಕ್ಕೆ. ಆದ್ದರಿಂದ ಇಂತಿಷ್ಟು ನಿಮಿಷ ಎಂಬ ಲೆಕ್ಕ ನಿಲ್ಲುವುದಿಲ್ಲ. ಆದರೆ ಎಷ್ಟೇ ಇಳಿದರೂ, ಇಳಿದ ಜಾಗದಿಂದ ಮೂರು ಡಿಗ್ರಿ ಫ್ಯಾರನ್‌ಹೀಟ್ ಏರಿದಾಗ ಫ್ರೈಸ್ ಹದವಾಗಿ ಬೆಂದಿರುತ್ತವೆ. ಅದನ್ನು ಗುರುತಿಸುವ ಸಾಧನವನ್ನೇ ಮಾಡಿಸಿದರು. ಹೊಸದಾಗಿ ಸೇರಿದ ಹುಡುಗನೂ ಹಳಬನ ಹಾಗೆ ಕರಿಯಬಲ್ಲವನಾದ.

ಇನ್ನು ದುಡ್ಡಿನ ಮಾತು. ಕರಾರಿನ ಪ್ರಕಾರ ಅಂಗಡಿ ನಡೆಸುವವರು ಒಮ್ಮೆ 950 ಡಾಲರ್ ಕೊಡಬೇಕು, ಮೇಲೆ ಒಟ್ಟು ವ್ಯಾಪಾರದ ಶೇಕಡ 1.9. ಅದರಲ್ಲಿ 0.5 ಅಣ್ಣತಮ್ಮಂದಿರಿಗೆ, 1.4 ಕ್ರಾಕ್‌ಗೆ. ವರ್ಷಕ್ಕೆ ಎರಡು ಲಕ್ಷ ಡಾಲರ್ ವ್ಯಾಪಾರವಾದರೂ ಕ್ರಾಕ್ ಕೈಗೆ 2,800. ಅಷ್ಟರಲ್ಲೇ ತಪಾಸಣೆ, ತರಬೇತಿ, ಓಡಾಟ. ಅಂಗಡಿಗಳು ಹೆಚ್ಚಿದಷ್ಟೂ ಸಾಲ ಹೆಚ್ಚಿತು. ಬನ್ನು, ಮಾಂಸದ ಮೇಲೆ ಕಮಿಷನ್ ಇಟ್ಟುಕೊಳ್ಳಬಹುದಿತ್ತು. ಕ್ರಾಕ್ ಒಪ್ಪಲಿಲ್ಲ. ಸಾಮಾನು ಮಾರಿ ಲಾಭ ಮಾಡುವವನು ಗುಣಮಟ್ಟ ಕೆಟ್ಟಾಗ ಕಣ್ಣು ಮುಚ್ಚುತ್ತಾನೆ ಎಂಬುದು ಅವರ ಲೆಕ್ಕ. ದಾರಿ ತೋರಿಸಿದವರು ಹಣಕಾಸು ನೋಡುತ್ತಿದ್ದ ಹ್ಯಾರಿ ಸೊನ್ನೆಬಾರ್ನ್. 1956ರಲ್ಲಿ ಬೇರೆ ಕಂಪನಿ ಕಟ್ಟಿ, ಜಾಗವನ್ನು ದೀರ್ಘಾವಧಿಗೆ ಬಾಡಿಗೆ ಹಿಡಿದು, ಅಂಗಡಿಯವರಿಗೆ ಮರುಬಾಡಿಗೆಗೆ ಕೊಟ್ಟರು. ತಾವು ಕೊಡುವ ಬಾಡಿಗೆಯ ಮೇಲೆ ಕಾಲಕ್ರಮದಲ್ಲಿ ಶೇಕಡ 40 ಹೆಚ್ಚು, ಇಲ್ಲವೇ ವ್ಯಾಪಾರದ ಶೇಕಡ 5, ಯಾವುದು ಜಾಸ್ತಿಯೋ ಅದು. ಕಂಪನಿ ಉಳಿದದ್ದು ಬರ್ಗರಿನಿಂದ ಅನ್ನುವುದಕ್ಕಿಂತ ಬಾಡಿಗೆಯಿಂದ. ಜೊತೆಗೆ ಜುಟ್ಟೂ ಕೈಗೆ ಬಂತು: ನೆಲ ಕೊಳಕಾಗಿಟ್ಟವನ ಗುತ್ತಿಗೆ ರದ್ದು ಮಾಡಬಹುದು.

ಯಾರಿಗೆ ಅಂಗಡಿ ಕೊಡಬೇಕು ಎಂಬುದರಲ್ಲಿ ಕ್ರಾಕ್ ಎಡವಿದ್ದಾರೆ. ತಮ್ಮ ಗಾಲ್ಫ್ ಕ್ಲಬ್ಬಿನ ಸಿರಿವಂತ ಗೆಳೆಯರಿಗೆ ಹಂಚಿದರು. ಅವರಲ್ಲಿ ಹಲವರು ಕೌಂಟರಿನ ಹಿಂದೆ ನಿಲ್ಲಲಿಲ್ಲ, ಮನಬಂದ ತಿಂಡಿ ಸೇರಿಸಿದರು. ಅದೇ 1955ರಲ್ಲಿ ವಾಕೀಗನ್ ಎಂಬ ಊರಿನಲ್ಲಿ, ಕಚೇರಿಗಳಲ್ಲಿ ಬೈಬಲ್ ಮಾರುತ್ತಿದ್ದ ಹೆಂಡತಿ, ಪ್ರೆಸ್ಸಿನಲ್ಲಿ ದುಡಿಯುತ್ತಿದ್ದ ಗಂಡ ಉಳಿತಾಯವನ್ನೆಲ್ಲ ಸುರಿದು ಅಂಗಡಿ ಹಾಕಿದರು. ಆರಂಭದ ದಿನಗಳಲ್ಲೇ ಬನ್ನು ಸಾಲದಷ್ಟು ನೂಕುನುಗ್ಗಲು.

1961ರಲ್ಲಿ ಕ್ರಾಕ್ 27 ಲಕ್ಷ ಡಾಲರಿಗೆ ಅಣ್ಣತಮ್ಮಂದಿರನ್ನು ಬಿಡಿಸಿಕೊಂಡರು. ಅವರು ಉಳಿಸಿಕೊಂಡ ಮೂಲ ಅಂಗಡಿ ಸ್ವಂತ ಹೆಸರಿನ ಬೋರ್ಡನ್ನೇ ಇಳಿಸಬೇಕಾಯಿತು. ಕ್ರಾಕ್ ಅದರ ಹತ್ತಿರವೇ ಹೊಸ ಮೆಕ್‌ಡೊನಾಲ್ಡ್ಸ್ ತೆರೆದರು. ಕಲಿಯಲು ಬೇಕಾದಷ್ಟಿರುವ ಮನುಷ್ಯ, ಇದೊಂದನ್ನು ಬಿಟ್ಟು.

ಅವರ ನಾಲಿಗೆಯೂ ಸದಾ ಗೆಲ್ಲಲಿಲ್ಲ. ಕ್ಯಾಥೊಲಿಕರು ಶುಕ್ರವಾರ ಮಾಂಸ ಬಿಡುತ್ತಾರೆಂದು ಸಿನ್ಸಿನಾಟಿಯ ಲೂ ಗ್ರೋಯೆನ್ ಮೀನಿನ ಬರ್ಗರ್ ಮಾಡಿದಾಗ, ಕ್ರಾಕ್ ಎದುರಿಗಿಟ್ಟದ್ದು ಅನಾನಸ್ ಬಿಲ್ಲೆಯ ಬರ್ಗರ್. 1962ರ ಗುಡ್ ಫ್ರೈಡೆ ದಿನ ಎರಡನ್ನೂ ಮಾರಾಟಕ್ಕಿಟ್ಟರು. ಗ್ರೋಯೆನ್ ಲೆಕ್ಕದಲ್ಲಿ ಮೀನು 350, ಅನಾನಸ್ 6. ಕ್ರಾಕ್ ಮಾತಾಡದೆ ಮೀನನ್ನು ಪಟ್ಟಿಗೆ ಸೇರಿಸಿದರು.

ಅವರು 1984ರಲ್ಲಿ ತೀರಿಕೊಂಡರು. 1996ರಲ್ಲಿ ದೆಹಲಿಯ ವಸಂತ ವಿಹಾರದಲ್ಲಿ ಭಾರತದ ಮೊದಲ ಅಂಗಡಿ ತೆರೆದಾಗ ದನದ ಮಾಂಸವೂ ಇಲ್ಲ, ಹಂದಿಯೂ ಇಲ್ಲ, ಹೀಗೆ ಪಟ್ಟಿಯೇನೋ ಸುಲಭಕ್ಕೆ ಬದಲಾಯಿತು. ಮತ್ತೆ ತಡೆದದ್ದು ಆಲೂಗಡ್ಡೆಯೇ. ನಮ್ಮ ಪಲ್ಯದ ಆಲೂಗಡ್ಡೆಯಲ್ಲಿ ನೀರು ಜಾಸ್ತಿ, ಗಡ್ಡೆಯೂ ಗಿಡ್ಡ. ಉದ್ದ ಕಡ್ಡಿ ಬರುವುದಿಲ್ಲ, ಕರಿದರೆ ಬಾಗುತ್ತದೆ. ಮೊದಲ ವರ್ಷಗಳಲ್ಲಿ ಫ್ರೈಸ್ ಹಡಗಿನಲ್ಲೇ ಬಂದವು. ಆಮೇಲೆ ಗುಜರಾತಿನ ಹೊಲಗಳಲ್ಲಿ ರೈತರು ಗಟ್ಟಿ ಅಂಶ ಹೆಚ್ಚಿರುವ ಉದ್ದ ಗಡ್ಡೆಯ ತಳಿಗಳನ್ನು ಬೆಳೆಯತೊಡಗಿದರು.

ನಮಸ್ಕಾರ.