ಅರಳೆ ತುಂಬಿದ ಡಬ್ಬಿ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಪ್ಲಾಸ್ಟಿಕ್ ಡಬ್ಬಿಯಿಂದ ಮಾತು ಶುರು ಮಾಡುತ್ತೇನೆ. ಬಿಳಿ ಡಬ್ಬಿ, ಅಂಗೈಯಲ್ಲಿ ಹಿಡಿಯುವಷ್ಟು. ಒಳಗೆ 30 ಗುಳಿಗೆ, ತಿಂಗಳಿಗೆ ಸಾಕಾಗುವಷ್ಟು. ಎಚ್‌ಐವಿ ಇರುವವರಿಗೆ ಎಆರ್‌ಟಿ, ಅಂದರೆ ಆ ವೈರಸ್ಸನ್ನು ಹತ್ತಿಕ್ಕುವ ಔಷಧ, ಕೊಡುವ ಕೇಂದ್ರದಲ್ಲಿ ಇದನ್ನು ಪುಕ್ಕಟೆ ಕೊಡುತ್ತಾರೆ. ಮುಧೋಳ ಕಡೆಯ ಒಬ್ಬ ಅಕ್ಕ ಡಬ್ಬಿ ಕೈಗೆ ಬಂದ ಕೂಡಲೇ ಆಸ್ಪತ್ರೆಯ ಹಿಂದಿನ ಕಟ್ಟೆಗೆ ಹೋಗಿ ಕೂರುತ್ತಿದ್ದರು. ಮುಚ್ಚಳ ತೆಗೆಯುತ್ತಿದ್ದರು. ಸೆರಗಿನ ಗಂಟು ಬಿಚ್ಚಿ, ಅದರೊಳಗಿನ ಅರಳೆ ತೆಗೆದು ಡಬ್ಬಿಗೆ ತುರುಕುತ್ತಿದ್ದರು. ಆಮೇಲೆ ಕಿವಿ ಹತ್ತಿರ ಹಿಡಿದು ಅಲುಗಾಡಿಸಿ ನೋಡುತ್ತಿದ್ದರು. ಸಪ್ಪಳ ಬರಲಿಲ್ಲ ಅಂದ ಮೇಲೆಯೇ ಅದು ಚೀಲಕ್ಕೆ ಹೋಗುತ್ತಿತ್ತು.

"ಯಾಕ್ರೀ ಅಕ್ಕಾರ, ಅರಳಿ ಯಾಕ?" ಅಂತ ಒಂದು ದಿನ ಕೇಳಿದೆ.

"ಬಸ್ಸಿನ್ಯಾಗ ಕುಂತಾಗ ಖಡಖಡ ಅಂತೈತ್ರೀ ಮೇಡಮ್ಮಾರ. ಬಾಜೂಕ ಕುಂತಾಕಿ ಏನದು ಅಂದ್ರ ಏನ್ ಹೇಳ್ಲಿ?"

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಬಹಳ ವರ್ಷ ಎಚ್‌ಐವಿ ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಿದೆ. ಪರೀಕ್ಷೆಗೆ ಮೊದಲು ಕೂರಿಸಿಕೊಂಡು ಮಾತಾಡುವುದು, ಫಲಿತಾಂಶ ಬಂದ ಮೇಲೆ ಮತ್ತೆ ಕೂರಿಸಿಕೊಂಡು ಮಾತಾಡುವುದು, ಅದೇ ನನ್ನ ಕೆಲಸ. ಎಷ್ಟೋ ಜನ ಮೊದಲು ಕೇಳುತ್ತಿದ್ದದ್ದು "ನಾ ಬದುಕತೀನೇನ್ರಿ" ಅಂತಲ್ಲ. "ಯಾರಿಗೂ ಹೇಳಂಗಿಲ್ಲ ಹೌದಲ್ರೀ?" ಅಂತ.

ಆ ಹೆದರಿಕೆ ಎಲ್ಲಿಂದ ಬಂತು? ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಡಾಕ್ಟರ್ ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೇರಿ ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣುಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅದು ಕಂಡಿತು. ಹುಡುಕಿದ್ದೇ ಅವರಲ್ಲಿ, ಹಾಗಾಗಿ ಸಿಕ್ಕಿದ್ದೂ ಅವರಲ್ಲಿ. ಜನ ಮಾತ್ರ ಇದು ಅವರದೇ ರೋಗ, ಅವರು ಮಾಡಿದ್ದು ಅವರು ಉಣ್ಣುತ್ತಾರೆ ಅಂದುಬಿಟ್ಟರು. ಆಮೇಲೆ ಗೋಡೆಗಳ ಮೇಲೆ ತಲೆಬುರುಡೆ ಬಂತು, ಕೆಂಪು ಅಕ್ಷರದಲ್ಲಿ ಸಾವು ಅಂತ ಬಂತು. ಹೆದರಿಸಿದರೆ ಜನ ಹುಷಾರಾಗುತ್ತಾರೆ ಅಂತ ಮಾಡಿದ್ದರು. ಜನ ರೋಗಕ್ಕಿಂತ ಜಾಸ್ತಿ ರೋಗಿಗೆ ಹೆದರಿದರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿನಲ್ಲಿ ಹೆಣ ಎತ್ತಲು ನಾಲ್ಕು ಜನ ಸಿಗಲಿಲ್ಲ. ಸತ್ತವನ ತಮ್ಮ, ಅವನ ಗೆಳೆಯ, ಮತ್ತೆ ನಮ್ಮ ಆಸ್ಪತ್ರೆಯ ಇಬ್ಬರು ಎತ್ತಿದರು. ಹೆಂಡತಿಗೆ ಅವತ್ತೇ ಬೇರೆ ಲೋಟ, ಬೇರೆ ತಾಟು. ಮೂರೇ ತಿಂಗಳಿಗೆ ತವರಿಗೆ ಕಳಿಸಿದರು. ಸೋಂಕು ಬಂದದ್ದು ಗಂಡನಿಂದ ಅಂತ ಎಲ್ಲರಿಗೂ ಗೊತ್ತಿತ್ತು.

ನಮ್ಮ ಸೀಮೆಯಲ್ಲಿ ಇದು ಯಾಕೆ ಇಷ್ಟು ಹಬ್ಬಿತು ಅಂತಲೂ ಹೇಳಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಒಂದು ಕಾಲಕ್ಕೆ ಸೋಂಕು ಹೆಚ್ಚಿರುವ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ವಿಜಯಪುರ ಕಡೆ ಮಳೆ ಇಲ್ಲ, ದುಡಿಮೆಗೆ ಗೋವಾ, ಮುಂಬೈ, ಸಾಂಗಲಿ. ಕೃಷ್ಣಾ, ಘಟಪ್ರಭಾ ದಂಡೆಯಲ್ಲಿ ಕಬ್ಬು, ಸಕ್ಕರೆ ಕಾರ್ಖಾನೆ, ಲಾರಿ, ಕಬ್ಬು ಕಡಿಯುವ ಗ್ಯಾಂಗು. ತಿಂಗಳುಗಟ್ಟಲೆ ಮನೆ ಬಿಟ್ಟಿರುವ ಗಂಡಸರು. ಇದರ ಜೊತೆಗೆ ಮುತ್ತು ಕಟ್ಟುವ ಪದ್ಧತಿ, ಅಂದರೆ ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿ ಮಾಡುವುದು. 1982ರಲ್ಲೇ ಕರ್ನಾಟಕ ಅದನ್ನು ನಿಷೇಧಿಸುವ ಕಾನೂನು ಮಾಡಿತು. ಆದರೆ ಸಣ್ಣ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಕಾನೂನು ಬಂತು ಅಂತ ಎಲ್ಲಿಗೆ ಹೋಗಬೇಕಿತ್ತು? ಹೊಟ್ಟೆಪಾಡು ಇತ್ತಲ್ಲ. ಸಾಂಗಲಿ, ಮಿರಜ ಕಡೆ ಹೋದರೆ ಲೈಂಗಿಕ ವೃತ್ತಿಯ ಓಣಿಗಳಲ್ಲಿ ಕನ್ನಡವೇ ಕೇಳಿಸುತ್ತಿತ್ತು. ಅವರು ನಮ್ಮ ಅಥಣಿ, ಜಮಖಂಡಿ, ರಾಯಬಾಗ ಕಡೆಯ ಮಕ್ಕಳು.

ದಾರಿ ಹುಡುಕಿದವರೂ ಅವರೇ. ಇದನ್ನು ಹೇಳಬೇಕು ಅಂತಲೇ ಇವತ್ತು ನಾನು ಬಂದದ್ದು.

ಸಾಂಗಲಿಯಲ್ಲಿ 1992ರಲ್ಲಿ ಸಂಗ್ರಾಮ್ ಅನ್ನುವ ಸಂಸ್ಥೆ ಶುರುವಾಯಿತು. 1996ರಲ್ಲಿ ಅದರ ಜೊತೆಗಿದ್ದ ಹೆಣ್ಣುಮಕ್ಕಳು ತಮ್ಮದೇ ಸಂಘಟನೆ ಕಟ್ಟಿಕೊಂಡರು, ವೇಶ್ಯಾ ಅನ್ಯಾಯ ಮುಕ್ತಿ ಪರಿಷದ್ ಅಂತ. ಗಡಿ ದಾಟಿ ನಮ್ಮ ನಿಪ್ಪಾಣಿಯಲ್ಲೂ ಕೆಲಸ ಮಾಡಿದರು. ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರ ಮಾಸ್ ಸಂಸ್ಥೆ ಬಂತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರು ಸ್ವತಃ ಸಣ್ಣವರಿದ್ದಾಗ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಕಚೇರಿಯಲ್ಲಿ ಪೇಢೆ ಹಂಚಿದೆವು. ಬಾಗಲಕೋಟೆ ಜಿಲ್ಲೆಯಲ್ಲಿ ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ ಬಂತು. ಆ ಹೆಸರನ್ನು ಗಮನಿಸಿ. ಎಲ್ಲರೂ ಬಾಯಿ ಬಿಟ್ಟು ಹೇಳಲು ಹಿಂಜರಿಯುವ ಶಬ್ದವನ್ನು ಅವರು ಸಂಘದ ಹೆಸರಲ್ಲೇ ಇಟ್ಟುಕೊಂಡರು.

ಇವರು ಮಾಡಿದ್ದೇನು? ದೊಡ್ಡ ಸಭೆಯಲ್ಲ, ಭಾಷಣವಲ್ಲ. ಒಬ್ಬೊಬ್ಬ ಪೀರ್ ಕಾರ್ಯಕರ್ತೆ, ಅಂದರೆ ಅವರೊಳಗಿನವಳೇ ಆದ ಕಾರ್ಯಕರ್ತೆ, ತನ್ನ ಓಣಿಯ ಹೆಣ್ಣುಮಕ್ಕಳನ್ನು ಹೆಸರು ಹಿಡಿದು ಬಲ್ಲವಳು. ಯಾರ ಹತ್ತಿರ ನಿರೋಧ ಮುಗಿದಿದೆ, ಯಾರಿಗೆ ಬಿಳಿ ಹೋಗುತ್ತಿದೆ, ಯಾರನ್ನು ನಿನ್ನೆ ರಾತ್ರಿ ಹೊಡೆದರು, ಅವಳಿಗೆ ಗೊತ್ತು. ಓದು ಬಾರದವರಿಗಾಗಿ ಚಿತ್ರ ಇರುವ ಡೈರಿ ಇತ್ತು, ಅದರಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತಿದ್ದರು. ಯಾರಿಗಾದರೂ ಪೊಲೀಸರ ಕಾಟ, ಗೂಂಡಾಗಳ ಕಾಟ ಅಂದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ ನಾಲ್ಕು ಜನ ಎದ್ದು ಹೋಗುತ್ತಿದ್ದರು. ಹೊಡೆತ ತಿನ್ನುವವಳಿಗೆ ನಿರೋಧ ಹಾಕಿಕೋ ಅಂತ ಹೇಳುವ ಹಕ್ಕೇ ಇರುವುದಿಲ್ಲ. ಹೊಡೆತ ನಿಲ್ಲಿಸುವುದೂ ರೋಗ ತಡೆಯುವ ಕೆಲಸವೇ ಅಂತ ನಮಗೆ ಕಲಿಸಿದವರು ಅವರು. ನಮ್ಮ ತರಬೇತಿ ಪುಸ್ತಕದಲ್ಲಿ ಇದು ಆಗ ಇರಲಿಲ್ಲ.

ಇನ್ನೊಂದನ್ನೂ ಕಲಿಸಿದರು. ಗಿರಾಕಿ ಜೊತೆ ನಿರೋಧ ಬಳಸುವವಳು ನಂಬಿದ ಗಂಡಸಿನ ಜೊತೆ ಬಳಸುವುದಿಲ್ಲ. "ಅವನಿಗೆ ಹಾಕ್ಕೋ ಅಂದ್ರ ನನ್ನ ಮ್ಯಾಲೆ ನಂಬಿಕಿ ಇಲ್ಲೇನ ಅಂತಾನ್ರಿ." ರೋಗ ಅಲ್ಲಿಂದ ಒಳಗೆ ಬರುತ್ತಿತ್ತು. ಮದುವೆಯಾದ ಮನೆಗಳಲ್ಲೂ ಇದೇ ಕಥೆ ಅಲ್ವಾ?

ಒಂದು ಮನೆಭೇಟಿ ಹೇಳುತ್ತೇನೆ. ಅರಳೆಯ ಅಕ್ಕನೂ ಆಗ ಸಂಘದ ಕಾರ್ಯಕರ್ತೆಯಾಗಿದ್ದರು. ಜಮಖಂಡಿ ಕಡೆಯ ಒಂದು ಊರಿಗೆ ನನ್ನನ್ನು ಕರೆದುಕೊಂಡು ಹೋದರು. ಇಪ್ಪತ್ತೈದು ವರ್ಷದ ಹುಡುಗಿ, ಗಂಡ ತೀರಿಕೊಂಡಿದ್ದಾನೆ, ಗುಳಿಗೆ ನಿಲ್ಲಿಸಿದ್ದಾಳೆ. ದನದ ಕೊಟ್ಟಿಗೆಗೆ ಹತ್ತಿದ ಖೋಲಿಯಲ್ಲಿ ಅವಳ ಸಂಸಾರ. ನಾನು ಚೀಲದಿಂದ ಕಾಗದ ತೆಗೆದೆ. ಅಕ್ಕ ನನ್ನ ಕೈ ಹಿಡಿದು ತಡೆದರು. ಸೀದಾ ಒಲೆ ಹತ್ತಿರ ಹೋಗಿ ಕೂತರು. "ಹಸಿವ್ಯಾಗೈತವ್ವಾ, ರೊಟ್ಟಿ ಬಡೀ" ಅಂದರು.

ಹುಡುಗಿ ಅಲ್ಲಾಡಲಿಲ್ಲ. "ನನ್ನ ಕೈಯಾನ ರೊಟ್ಟಿ ತಿಂತೀರೇನ್ರಿ?"

"ತಿನ್ನಾಕಂತನ ಬಂದೇನಿ."

ಅವಳು ಹಿಟ್ಟು ನಾದಿ ರೊಟ್ಟಿ ಬಡಿದಳು. ಮೊದಲನೆಯದು ಹರಿಯಿತು, ಕೈ ನಡುಗುತ್ತಿತ್ತು. ಅಕ್ಕ ಆ ಹರಿದ ರೊಟ್ಟಿಯನ್ನೇ ತೆಗೆದುಕೊಂಡು, ಶೇಂಗಾ ಹಿಂಡಿ ಹಚ್ಚಿ, ಅರ್ಧ ತಾನು ತಿಂದು ಅರ್ಧ ನನಗೆ ಕೊಟ್ಟರು. ಬಾಗಿಲಲ್ಲಿ ಅವಳ ಅತ್ತೆ ನಿಂತು ನೋಡುತ್ತಿದ್ದರು. ಅವತ್ತು ಗುಳಿಗೆಯ ಮಾತೇ ಎತ್ತಲಿಲ್ಲ. ಎರಡನೇ ಸಲ ಹೋದಾಗ ಅಕ್ಕ ತಮ್ಮ ಡಬ್ಬಿ ತೆಗೆದು ತೋರಿಸಿದರು, ನನಗೂ ಐತಿ, ಎಂಟು ವರ್ಷಾತು ಅಂತ. ಹುಡುಗಿ ಅವರ ಮುಖವನ್ನೇ ನೋಡುತ್ತ ಕೂತಳು. ಮುಂದಿನ ವಾರ ಆಸ್ಪತ್ರೆಗೆ ಬಂದಳು. ನಾನು ಅದೇ ಮಾತನ್ನು ನೂರು ಸಲ ಹೇಳಿದ್ದರೂ ಬರುತ್ತಿರಲಿಲ್ಲ ಅಂತ ನನಗೆ ಖಾತ್ರಿ.

ಗುಳಿಗೆಯ ಬಗ್ಗೆ ಒಂದಿಷ್ಟು. ಸರ್ಕಾರ ಪುಕ್ಕಟೆ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು, ಇಡೀ ದೇಶದಲ್ಲಿ 8 ಆಸ್ಪತ್ರೆಗಳಲ್ಲಿ. ಆಗ ರೋಗದ ವಿರುದ್ಧ ಹೋರಾಡುವ ಸಿಡಿ4 ಅನ್ನುವ ರಕ್ತದ ಕಣಗಳು 200ಕ್ಕಿಂತ ಕೆಳಗೆ ಇಳಿಯುವವರೆಗೆ ಕಾಯಬೇಕಿತ್ತು. ಕಾಯುತ್ತಲೇ ಹೋದವರನ್ನು ನಾನು ಕಂಡಿದ್ದೇನೆ. 2017ರಿಂದ ಹಾಗಿಲ್ಲ. ಸೋಂಕು ಇದೆ ಅಂತ ಗೊತ್ತಾದ ಕೂಡಲೇ ಗುಳಿಗೆ ಶುರು. ಈಗ ಬಹಳ ಜನರಿಗೆ ದಿನಕ್ಕೆ ಒಂದೇ ಗುಳಿಗೆ ಸಾಕು.

ಮುಂದಿನ ಮಾತನ್ನು ದಯವಿಟ್ಟು ಗಮನ ಇಟ್ಟು ಕೇಳಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿ. ತಪ್ಪದೆ ಗುಳಿಗೆ ತಗೊಂಡು, ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ, ಹಾಗೇ ಉಳಿದರೆ, ಅವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ಹರಡುವುದಿಲ್ಲ. ಬಸುರಿ ಹೆಣ್ಣುಮಗಳು ಗುಳಿಗೆ ತಗೊಂಡು, ಹುಟ್ಟಿದ ಕೂಸಿಗೂ ಔಷಧ ಕೊಟ್ಟರೆ, ಕೂಸಿಗೆ ಸೋಂಕು ತಗಲುವ ಸಾಧ್ಯತೆ ಬಹಳ ಕಡಿಮೆ. ಆ ಜಮಖಂಡಿ ಹುಡುಗಿ ಎರಡು ವರ್ಷದ ಮೇಲೆ ಮತ್ತೆ ಮದುವೆಯಾದಳು, ಎಲ್ಲ ಹೇಳಿಯೇ ಆದಳು. ಅವಳ ಮಗನಿಗೆ ಹದಿನೆಂಟು ತಿಂಗಳಾದಾಗ ಕೊನೆಯ ಪರೀಕ್ಷೆ ಮಾಡಿದೆವು. ಸೋಂಕಿಲ್ಲ ಅಂತ ಬಂತು. ಆ ಚೀಟಿ ಕೊಡುವಾಗ ನನ್ನ ಕೈಯೂ ನಡುಗಿತ್ತು.

ಇನ್ನು ಲೋಟ, ತಾಟು, ಸಂಡಾಸ, ಸೊಳ್ಳೆ, ಕೈ ಕುಲುಕುವುದು, ಇವು ಯಾವುದರಿಂದಲೂ ಬರುವುದಿಲ್ಲ. ಇದನ್ನು ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದೇವೆ.

ಕಾನೂನೂ ಇದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿದೆ ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ. ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡುವುದಿಲ್ಲ ಅನ್ನುವ ಹಾಗಿಲ್ಲ, ಬಾಡಿಗೆ ಮನೆ ಬಿಡಿಸುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವ ಹಾಗಿಲ್ಲ. 100 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಸಂಸ್ಥೆಯಲ್ಲಿ ದೂರು ಕೇಳುವ ಅಧಿಕಾರಿ ಇರಲೇಬೇಕು. ನಮ್ಮ ಸಕ್ಕರೆ ಕಾರ್ಖಾನೆಗಳಿಗೂ ಇದು ಅನ್ವಯಿಸುತ್ತದೆ. ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಮಾತಿದೆ. ಅಪ್ಪ ಅವ್ವ ಇಲ್ಲದ ಮನೆಯಲ್ಲಿ 12ರಿಂದ 18 ವರ್ಷದೊಳಗಿನ, ತಿಳಿವಳಿಕೆ ಇರುವ ಅಕ್ಕ ಅಥವಾ ಅಣ್ಣ ತಮ್ಮ ತಂಗಿಯರಿಗೆ ಪಾಲಕರಾಗಿ ಸಹಿ ಹಾಕಬಹುದು, ಶಾಲೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ. ಅಂಥ ಮನೆಗಳನ್ನು ನೋಡಿದವರೇ ಆ ಸಾಲು ಬರೆದಿರಬೇಕು.

ಕಾಗದದ ಮೇಲೆ ಇರುವುದೆಲ್ಲ ಓಣಿಗೆ ಇಳಿದಿಲ್ಲ. ಒಂದು ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದವಳ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು, ಹಾಸಿಗೆಯ ತಲೆ ಕಡೆ ತೂಗುಹಾಕಿದ್ದನ್ನು ನಾನೇ ನೋಡಿದೆ. ನೋಡಲು ಬಂದ ಬೀಗರು ಓದಿದರು. ಬರೆದವರು ಕೆಟ್ಟವರಲ್ಲ, ನಮ್ಮ ಹುಡುಗಿಯರಿಗೆ ಹುಷಾರಿರಲಿ ಅಂತ ಬರೆದೆ ಅಂದರು. ಹುಷಾರು ಅನ್ನುವುದು ಪ್ರತಿ ಹೆರಿಗೆಗೂ ಕೈಗೆ ಗ್ಲೌಸ್ ಹಾಕುವುದರಲ್ಲಿ ಇದೆ. ಒಬ್ಬಳ ತಲೆ ಮೇಲೆ ಬರೆಯುವುದರಲ್ಲಿ ಇಲ್ಲ. ಆ ಹೆಣ್ಣುಮಗಳು ಮುಂದೆ ಆ ಊರಿನಲ್ಲಿ ಔಷಧ ತಗೊಳ್ಳಲೇ ಇಲ್ಲ. ಎರಡು ಬಸ್ಸು ಬದಲಿಸಿ ಬೇರೆ ಜಿಲ್ಲೆಗೆ ಹೋಗುತ್ತಾಳೆ. ಒಂದು ದಿನದ ಪಗಾರ ಹೋಗುತ್ತದೆ, ಬಸ್ ಚಾರ್ಜ್ ಹೋಗುತ್ತದೆ. ಮಳೆಗಾಲದಲ್ಲಿ ಒಮ್ಮೊಮ್ಮೆ ಗುಳಿಗೆಯೂ ತಪ್ಪುತ್ತದೆ.

ನಿಮ್ಮಲ್ಲಿ ಯಾರಿಗಾದರೂ ಅನುಮಾನ ಇದ್ದರೆ, ಕೇಳಬೇಕು ಅನಿಸಿದರೆ, 1097ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ನಿಮ್ಮ ಗುಟ್ಟು ಹೊರಗೆ ಹೋಗುವುದಿಲ್ಲ.

ಹೋದ ಬನದ ಹುಣ್ಣಿಮೆಯ ಹೊತ್ತಿಗೆ ಅರಳೆಯ ಅಕ್ಕನ ಮನೆಗೆ ಹೋಗಿದ್ದೆ. ಅವರಿಗೀಗ ಅರವತ್ತರ ಹತ್ತಿರ. ಮೊಮ್ಮಗಳು ಬಂದಿದ್ದಾಳೆ, ಒಂದೂವರೆ ವರ್ಷದವಳು. ಅಕ್ಕ ಖಾಲಿಯಾದ ಡಬ್ಬಿಯೊಂದನ್ನು ತೊಳೆದು, ಚೀಟಿ ಕಿತ್ತು, ಒಳಗೆ ಹತ್ತು ಕಾಳು ಜೋಳ ಹಾಕಿ ಕೂಸಿಗೆ ಗಿಲಕಿ ಮಾಡಿ ಕೊಟ್ಟಿದ್ದರು. ಅವಳು ಅದನ್ನು ಹಿಡಿದು ಅಂಗಳದಲ್ಲಿ ಬೀಳುತ್ತ ಏಳುತ್ತ ಓಡಾಡುತ್ತಿದ್ದಳು. ಖಡಖಡ ಅಂತ ಓಣಿ ತುಂಬ ಸಪ್ಪಳ. ಎದುರು ಮನೆಯ ಹೆಂಗಸು ಹೊರಗೆ ಬಂದು, "ಯಾರದವ್ವಾ ಈ ಗದ್ದಲಾ?" ಅಂತ ನಕ್ಕರು. ಅಕ್ಕನೂ ನಕ್ಕರು.

ಹೊರಡುವಾಗ ಅಕ್ಕ ನನ್ನ ಜೊತೆಗೇ ಬಂದರು, ಅವತ್ತು ಅವರ ಗುಳಿಗೆಯ ದಿನ. ಬಸ್ಸಿಗೆ ಕಾಯುತ್ತ ನಿಂತಾಗ ಸೆರಗಿನ ತುದಿ ನೋಡಿದೆ. ಅಲ್ಲಿ ಗಂಟು ಇತ್ತು.

ನಮಸ್ಕಾರ.