ಮೊದಲೇ ಬರೆದು ಕೊಡಿ ಸ್ವಾಮಿ!

ನಮಸ್ಕಾರ, ಎಲ್ಲರಿಗೂ ಸ್ವಾಗತ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಆದರೆ ಹೋದ ವಿಡಿಯೋದ ಕೆಳಗೆ ಒಬ್ಬರು ಹಾಕಿದ ಕಾಮೆಂಟ್ ಓದಿ ಆ ಸ್ಕ್ರಿಪ್ಟ್ ಪಕ್ಕಕ್ಕಿಟ್ಟು ಇದನ್ನು ಬರೆದೆ. ಕಾಮೆಂಟ್ ಹೀಗಿದೆ: "ಸರ್, ನಿಮಗೆ ಸಾಡೇಸಾತಿ ನಡೆಯುತ್ತಿದೆ. ಅದಕ್ಕೇ ನಾಲಿಗೆ ಹರಿಬಿಡುತ್ತಿದ್ದೀರಿ. ಮುಂದೆ ನಿಮಗೇ ಗೊತ್ತಾಗುತ್ತೆ."

ನನ್ನ ಹುಟ್ಟಿದ ದಿನ ಇವರಿಗೆ ಗೊತ್ತಿಲ್ಲ. ರಾಶಿ, ನಕ್ಷತ್ರ ಏನೂ ಗೊತ್ತಿಲ್ಲ. ಮುಖ ನೋಡಿಯೇ ಶನಿಯನ್ನು ಹಿಡಿದುಬಿಟ್ಟಿದ್ದಾರೆ. ನನ್ನ ಮುಖ ಅಷ್ಟು ಕೆಟ್ಟದಾಗಿ ಕಾಣಿಸುತ್ತಿದ್ದರೆ ಅದು ಲೈಟಿಂಗ್ ಸಮಸ್ಯೆ. ಶನಿಯದ್ದಲ್ಲ.

ಸರಿ, ಸಾಡೇಸಾತಿಯ ಲೆಕ್ಕವನ್ನೇ ನೋಡೋಣ. ಶನಿ ಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 29.5 ವರ್ಷ ಬೇಕು. ರಾಶಿ ಹನ್ನೆರಡು. ಅಂದರೆ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ. ನಿಮ್ಮ ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರರಲ್ಲಿ ಶನಿ ಇರುವಷ್ಟು ಕಾಲ ಸಾಡೇಸಾತಿ. ಮೂರು ಎರಡೂವರೆ ಏಳೂವರೆ. ಇದನ್ನೇ ತಿರುಗಿಸಿ ನೋಡಿ. ಯಾವತ್ತೇ ಲೆಕ್ಕ ಹಾಕಿದರೂ ಹನ್ನೆರಡರಲ್ಲಿ ಮೂರು ರಾಶಿಯವರಿಗೆ ಸಾಡೇಸಾತಿ ಇದ್ದೇ ಇರುತ್ತದೆ. ಹೆಚ್ಚು ಕಡಿಮೆ ಕಾಲು ಭಾಗ. ಪ್ರಪಂಚದಲ್ಲಿ 800 ಕೋಟಿ ಜನ ಇದ್ದರೆ, ಈ ಕ್ಷಣ 200 ಕೋಟಿ ಜನರ ಹೆಗಲ ಮೇಲೆ ಶನಿ ಕೂತಿದ್ದಾನೆ. ಜನ್ಮರಾಶಿಯಿಂದ ಐದನೇ, ಎಂಟನೇ ರಾಶಿಗೆ ಶನಿ ಬರುವ ಪಂಚಮ ಶನಿ, ಅಷ್ಟಮ ಶನಿ ಸೇರಿಸಿದರೆ ಹನ್ನೆರಡರಲ್ಲಿ ಐದು ರಾಶಿ ಆಯಿತು. ದಾರಿಯಲ್ಲಿ ಸಿಕ್ಕ ಯಾರಿಗೆ ಬೇಕಾದರೂ "ನಿಮಗೆ ಶನಿ ಕಾಟ ಇದೆ" ಎಂದುಬಿಡಿ. ಸರಿಯಾಗುವ ಸಾಧ್ಯತೆ ಶೇಕಡಾ ನಲವತ್ತರ ಮೇಲಿದೆ. ಇದಕ್ಕೆ ದಿವ್ಯದೃಷ್ಟಿ ಬೇಕಾ?

ಆದರೆ ನನಗೆ ರೇಗಿದ್ದು ಶನಿಯ ವಿಷಯಕ್ಕಲ್ಲ. "ಮುಂದೆ ನಿಮಗೇ ಗೊತ್ತಾಗುತ್ತೆ" ಅಂದಿದ್ದಾರಲ್ಲ, ಅದಕ್ಕೆ. ಏನು ಗೊತ್ತಾಗುತ್ತೆ? ಯಾವಾಗ? ನಾಳೆ ನನಗೆ ನೆಗಡಿ ಬಂದರೆ "ನೋಡಿದ್ರಾ, ಹೇಳಿದ್ದೆ" ಅನ್ನುತ್ತಾರೆ. ಏನೂ ಆಗದಿದ್ದರೆ ಆ ಕಾಮೆಂಟ್ ಯಾರಿಗೂ ನೆನಪಿರುವುದಿಲ್ಲ. ಎರಡೂ ಕಡೆ ಅವರಿಗೇ ಗೆಲುವು. ಅದಕ್ಕೇ ನಾನು ಕೇಳುವುದು ಒಂದೇ. ಮೊದಲೇ ಬರೆದು ಕೊಡಿ. ಏನಾಗುತ್ತದೆ, ಯಾವ ತಾರೀಖಿನ ಒಳಗೆ ಆಗುತ್ತದೆ, ಆಗದಿದ್ದರೆ ತಪ್ಪಾಯಿತು ಅಂತ ಯಾವುದನ್ನು ನೋಡಿ ಹೇಳಬೇಕು. ಮೂರು ಸಾಲು ಸಾಕು. ನಾನು ಇದಕ್ಕಿಂತ ಜಾಸ್ತಿ ಏನೂ ಕೇಳುತ್ತಿಲ್ಲ.

ಅಪರೂಪಕ್ಕೆ ಒಮ್ಮೆ ಹಾಗೆ ತಾರೀಖು ಹಾಕಿ ಹೇಳಿದ್ದೂ ಉಂಟು. 1962ರ ಫೆಬ್ರವರಿ ಮೊದಲ ವಾರ. ಅಷ್ಟಗ್ರಹ ಕೂಟ. ಮಕರ ರಾಶಿಯಲ್ಲಿ ಎಂಟು ಗ್ರಹ ಒಟ್ಟಿಗೆ ಸೇರುತ್ತವೆ, ಪ್ರಳಯವೇ ಆಗುತ್ತದೆ ಅಂತ ಭಾರತದ ತುಂಬಾ ಭಯ ಹಬ್ಬಿತ್ತು. ಊರೂರಲ್ಲಿ ಹೋಮ ನಡೆದವು. ಆ ಎಂಟರಲ್ಲಿ ಸೂರ್ಯ, ಚಂದ್ರರೂ ಇದ್ದಾರೆ, ಕಣ್ಣಿಗೇ ಕಾಣದ ಕೇತುವೂ ಇದ್ದಾನೆ. ಅದು ಬೇರೆ ಕಥೆ, ಇನ್ನೊಂದು ವಿಡಿಯೋಗೆ ಇಟ್ಟುಕೊಳ್ಳುತ್ತೇನೆ. ಏನಾಯಿತು? ಫೆಬ್ರವರಿ 6 ಬಂತು. 7 ಬಂತು. ಸೂರ್ಯ ಎಂದಿನಂತೆ ಹುಟ್ಟಿದ. ಆಮೇಲೆ "ಹೋಮ ಮಾಡಿದ್ದಕ್ಕೇ ಲೋಕ ಉಳಿಯಿತು" ಅನ್ನುವವರಿಗೂ ಕೊರತೆ ಇರಲಿಲ್ಲ. ನೋಡಿ, ಬರೆದು ಕೊಟ್ಟರೂ ತಪ್ಪಿಸಿಕೊಳ್ಳುವ ಕಿಂಡಿ ಇದೆ. ಅದಕ್ಕೇ ಆ ಮೂರನೇ ಸಾಲು ಬೇಕು ಅಂದಿದ್ದು.

"ಅಮೆರಿಕದ ಆ ಜ್ಯೋತಿಷಿ ಜೀನ್ ಡಿಕ್ಸನ್ ಅಧ್ಯಕ್ಷ ಕೆನಡಿ ಸಾವನ್ನು ಮೊದಲೇ ಹೇಳಿದ್ದರಲ್ಲ?" ಇದು ಪ್ರತಿಸಲ ಬರುವ ಪ್ರಶ್ನೆ. ಹೌದು, 1956ರಲ್ಲಿ ಒಂದು ಪತ್ರಿಕೆಯಲ್ಲಿ ಬಂದಿತ್ತು. 1960ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದವರು ಗೆಲ್ಲುತ್ತಾರೆ, ಗೆದ್ದವರು ಅಧಿಕಾರದಲ್ಲಿರುವಾಗಲೇ ಸಾಯುತ್ತಾರೆ ಅಥವಾ ಕೊಲೆಯಾಗುತ್ತಾರೆ ಅಂತ. ಭಲೇ! ಆದರೆ ಅದೇ ಡಿಕ್ಸನ್ 1960ರಲ್ಲಿ ಎದುರು ಪಕ್ಷದ ನಿಕ್ಸನ್ ಗೆಲ್ಲುತ್ತಾರೆ ಅಂದಿದ್ದರು. ಇಬ್ಬರಲ್ಲಿ ಯಾರು ಗೆದ್ದರೂ ಈಕೆ ಸರಿ. ಚಂದ್ರನ ಮೇಲೆ ಮೊದಲು ಕಾಲಿಡುವವರು ಸೋವಿಯತ್ತಿನವರು ಅಂತಲೂ ಹೇಳಿದ್ದರು. ಅದನ್ನು ಯಾರು ನೆನಪಿಟ್ಟುಕೊಂಡಿದ್ದಾರೆ? ಒಂದು ಸರಿಯಾದದ್ದನ್ನು ಡಂಗುರ ಸಾರಿ, ಉಳಿದ ತಪ್ಪುಗಳನ್ನು ಮರೆತುಬಿಡುವ ಈ ಚಾಳಿಗೆ ಗಣಿತದ ಪ್ರೊಫೆಸರ್ ಜಾನ್ ಅಲೆನ್ ಪೌಲೋಸ್ "ಜೀನ್ ಡಿಕ್ಸನ್ ಎಫೆಕ್ಟ್" ಅಂತಲೇ ಹೆಸರಿಟ್ಟಿದ್ದಾರೆ.

ನೂರಾರು ವರ್ಷದ ಹಿಂದೆ ಪದ್ಯಗಳಲ್ಲಿ ಭವಿಷ್ಯ ಬರೆದಿಟ್ಟ ಫ್ರಾನ್ಸಿನ ನಾಸ್ಟ್ರಡಾಮಸ್ ಬಗ್ಗೆ ಮಾತೇ ಬೇಡ. 2001ರ ಸೆಪ್ಟೆಂಬರ್ 11ರ ದಾಳಿ ಆದ ಕೂಡಲೇ ಇಮೇಲ್‌ಗಳಲ್ಲಿ ಅವನದ್ದು ಅಂತ ಒಂದು ಪದ್ಯ ಓಡಾಡಿತು. ಇಬ್ಬರು ಸಹೋದರರು ಬೇರೆಯಾಗುತ್ತಾರೆ ಅಂತೆಲ್ಲ ಅದರಲ್ಲಿ ಇತ್ತು. ಆ ಸಾಲುಗಳು ನಾಸ್ಟ್ರಡಾಮಸ್‌ನದ್ದೇ ಅಲ್ಲ. ಕೆನಡಾದ ಒಬ್ಬ ವಿದ್ಯಾರ್ಥಿ 1990ರ ದಶಕದಲ್ಲಿ ಬರೆದದ್ದು. "ಅಸ್ಪಷ್ಟವಾಗಿ ಏನು ಬರೆದರೂ ಅದು ಭವಿಷ್ಯದಂತೆ ಕಾಣುತ್ತದೆ" ಅಂತ ತೋರಿಸಲು ಉದಾಹರಣೆಗೆ ಬರೆದದ್ದು! ಪಾಪದ ಹುಡುಗ, ಹೇಳಿದ್ದನ್ನು ಸಾಬೀತು ಮಾಡಿಯೂ ಕ್ರೆಡಿಟ್ ಸಿಗಲಿಲ್ಲ.

ಇವರೆಲ್ಲರಿಗಿಂತ ಪ್ರಾಮಾಣಿಕ ಜ್ಯೋತಿಷಿ ಯಾರು ಗೊತ್ತಾ? ಆಕ್ಟೋಪಸ್. ತಮಾಷೆಯಲ್ಲ. 2010ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿಯ ಪೌಲ್ ಎಂಬ ಆಕ್ಟೋಪಸ್ ಎಂಟಕ್ಕೆ ಎಂಟೂ ಸರಿಯಾಗಿ ಹೇಳಿತು. ಅದರ ಮರ್ಯಾದೆ ನೋಡಿ. ಪಂದ್ಯಕ್ಕೆ ಮೊದಲೇ ಹೇಳಿತು. ಕ್ಯಾಮೆರಾ ಮುಂದೆ ಹೇಳಿತು. ಎರಡು ತಂಡಗಳ ಬಾವುಟ ಅಂಟಿಸಿದ ಎರಡು ಡಬ್ಬಿಯಲ್ಲಿ ಒಂದನ್ನೇ ಆರಿಸಿತು. "ಜರ್ಮನಿಗೆ ಗೆಲ್ಲುವ ಯೋಗ ಇದೆ, ಆದರೆ ರಾಹುವಿನ ದೃಷ್ಟಿ ಇರುವುದರಿಂದ ಎಚ್ಚರ ಅಗತ್ಯ" ಅನ್ನಲಿಲ್ಲ. ಹಾಗಾದರೆ ಅದಕ್ಕೆ ದಿವ್ಯಶಕ್ತಿ ಇತ್ತಾ? ಎಂಟು ಸಲ ನಾಣ್ಯ ಚಿಮ್ಮಿ ಎಂಟೂ ಸರಿಯಾಗುವ ಸಾಧ್ಯತೆ 256ರಲ್ಲಿ ಒಂದು. ಆ ಬೇಸಿಗೆಯಲ್ಲಿ ಎಷ್ಟೋ ಪ್ರಾಣಿಗಳ ಕೈಯಲ್ಲಿ ಇದೇ ಕೆಲಸ ಮಾಡಿಸುತ್ತಿದ್ದರು. ಸಿಂಗಪುರದಲ್ಲಿ ಮಣಿ ಅನ್ನುವ ಗಿಳಿ ಕೂಡ ಕ್ವಾರ್ಟರ್ ಫೈನಲ್‌ನಿಂದ ಚೆನ್ನಾಗಿಯೇ ಹೇಳಿಕೊಂಡು ಬಂದು, ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಗೆಲ್ಲುತ್ತದೆ ಅಂದಿತು. ಗೆದ್ದದ್ದು ಸ್ಪೇನ್. ಗಿಳಿಯ ಹೆಸರು ಇವತ್ತು ಎಷ್ಟು ಜನರಿಗೆ ನೆನಪಿದೆ? ಅಂದಹಾಗೆ ಇದೇ ಪೌಲ್ 2008ರ ಯೂರೋ ಕಪ್‌ನಲ್ಲಿ ಎರಡು ಪಂದ್ಯ ತಪ್ಪು ಹೇಳಿತ್ತು. ಇದು ನಮಗೆ ಗೊತ್ತಾಗಿದ್ದು ಹೇಗೆ? ಮೊದಲೇ ಹೇಳಿತ್ತು, ದಾಖಲೆ ಇತ್ತು, ಅದಕ್ಕೆ! ಎಂಟು ಕಾಲಿನ ಒಂದು ಜೀವ ಮಾಡಿದ್ದನ್ನು ನೀವು ಮಾಡಿ ಅಂತ ಕೇಳಿದರೆ ನನಗೆ ಶನಿ ಕಾಟವಂತೆ.

ಒಂದು ನಿಮಿಷ. ಇಲ್ಲಿಯವರೆಗೆ ನೋಡಿದ್ದೀರಿ ಅಂದರೆ ಸಬ್‌ಸ್ಕ್ರೈಬ್ ಮಾಡಿರುತ್ತೀರಿ ಅಂದುಕೊಂಡಿದ್ದೇನೆ. ಮಾಡಿಲ್ಲವಾದರೆ ನಿಮ್ಮ ಜಾತಕದಲ್ಲಿ ದೋಷ ಇದೆ. ಮೊನ್ನೆ ಒಂದು ಜ್ಯೋತಿಷ್ಯದ ಆ್ಯಪ್‌ನವರು ಜಾಹೀರಾತು ಮಾಡಿಕೊಡಿ ಅಂತ ಮೇಲ್ ಹಾಕಿದ್ದರು. ಹೆಸರು ಹೇಳುವುದಿಲ್ಲ. ನಾನು ಒಪ್ಪುವುದಿಲ್ಲ ಅಂತ ಅವರಿಗೇ ಮೊದಲು ಗೊತ್ತಾಗಬೇಕಿತ್ತು, ಅಲ್ವಾ?

ಸರಿ, ವಿಷಯಕ್ಕೆ ಬರೋಣ. "ನೀವು ಪರೀಕ್ಷೆ ಮಾಡಿದ್ದೀರಾ? ಮಾಡದೆ ಮಾತಾಡಬೇಡಿ" ಅನ್ನುತ್ತಾರೆ. ಮಾಡಿದ್ದಾರೆ ಸ್ವಾಮಿ, ನನಗಿಂತ ಬುದ್ಧಿವಂತರು. ಖಗೋಳ ವಿಜ್ಞಾನಿ ಜಯಂತ್ ನಾರ್ಳೀಕರ್ ಮತ್ತು ಜೊತೆಗಾರರು 2008ರಲ್ಲಿ ಮಹಾರಾಷ್ಟ್ರದಲ್ಲಿ ಮಾಡಿದರು. ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಕೂಡ ಇದ್ದರು. ಓದಿನಲ್ಲಿ ತುಂಬಾ ಜಾಣರಾದ 100 ಮಕ್ಕಳ ಜಾತಕ, ಬುದ್ಧಿಮಾಂದ್ಯತೆ ಇರುವ 100 ಮಕ್ಕಳ ಜಾತಕ. ಎರಡನ್ನೂ ಬೆರೆಸಿ, ಒಬ್ಬೊಬ್ಬ ಜ್ಯೋತಿಷಿಗೆ 40 ಕೊಟ್ಟು, ಯಾವುದು ಯಾರದ್ದು ಹೇಳಿ ಅಂದರು. ಇದಕ್ಕಿಂತ ಸುಲಭದ ಪ್ರಶ್ನೆ ಇರಲು ಸಾಧ್ಯವಾ? 51 ಜನ ಜಾತಕ ತರಿಸಿಕೊಂಡರು. ಉತ್ತರ ಕಳಿಸಿದವರು 27. ಸರಾಸರಿ ಸರಿಯುತ್ತರ ಶೇಕಡಾ 46. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು! ಒಂದು ಜ್ಯೋತಿಷ್ಯ ಸಂಸ್ಥೆ 200 ಜಾತಕವನ್ನೂ ತೆಗೆದುಕೊಂಡು 102 ಸರಿ ಮಾಡಿತು. ನಾಣ್ಯಕ್ಕಿಂತ ಎರಡು ಜಾಸ್ತಿ. ಅಭಿನಂದನೆಗಳು.

"ಅವರೆಲ್ಲ ಒಳ್ಳೆಯ ಜ್ಯೋತಿಷಿಗಳಲ್ಲ." ಹೌದಾ? ಅಮೆರಿಕದಲ್ಲಿ ಶಾನ್ ಕಾರ್ಲ್‌ಸನ್ ಮಾಡಿದ ಪರೀಕ್ಷೆ 1985ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಅಲ್ಲಿ ಭಾಗವಹಿಸಿದ 28 ಜ್ಯೋತಿಷಿಗಳ ಮೇಲೆ ಅವರ ವೃತ್ತಿಯವರಿಗೇ ಗೌರವ ಇತ್ತು. ನಿಯಮಗಳನ್ನು ಅವರೇ ಮೊದಲು ಒಪ್ಪಿಕೊಂಡಿದ್ದರು. ಒಂದು ಜಾತಕ, ಮೂರು ಜನರ ಸ್ವಭಾವದ ವಿವರ. ಜಾತಕದವರು ಯಾರು ಅಂತ ಆರಿಸಬೇಕು. ಅರ್ಧದಷ್ಟಾದರೂ ಸರಿ ಮಾಡುತ್ತೇವೆ ಅಂದಿದ್ದರು. ಆದದ್ದು ಮೂರರಲ್ಲಿ ಒಂದು. ಕಣ್ಣು ಮುಚ್ಚಿ ಆರಿಸಿದರೂ ಅಷ್ಟೇ. ಹಾಗಾದರೆ ಆ "ಒಳ್ಳೆಯ ಜ್ಯೋತಿಷಿ" ಎಲ್ಲಿದ್ದಾರೆ? ಪರೀಕ್ಷೆ ಇದ್ದ ದಿನ ಅವರು ಯಾವಾಗಲೂ ಊರಲ್ಲೇ ಇರುವುದಿಲ್ಲ.

"ಆದರೆ ನನ್ನ ಸ್ವಭಾವವನ್ನು ಪಕ್ಕಾ ಹೇಳಿದರು ಸರ್!" ಹೇಳದೆ ಏನು? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ "ಇದು ನಿನ್ನದೇ ಫಲಿತಾಂಶ" ಅಂತ ಒಂದು ಚೀಟಿ ಕೊಟ್ಟ. ಎಷ್ಟು ಹೊಂದುತ್ತದೆ, ಐದಕ್ಕೆ ಎಷ್ಟು ಅಂಕ ಅಂತ ಕೇಳಿದ. ಸರಾಸರಿ 4.26 ಬಂತು. ಎಲ್ಲ ಚೀಟಿಯಲ್ಲಿ ಇದ್ದದ್ದೂ ಒಂದೇ ಬರಹ. ಎತ್ತಿಕೊಂಡಿದ್ದು ಅಂಗಡಿಯಲ್ಲಿ ಸಿಗುವ ಒಂದು ಜ್ಯೋತಿಷ್ಯದ ಪುಸ್ತಕದಿಂದ. ಫ್ರಾನ್ಸಿನ ಮಿಶೆಲ್ ಗೋಕ್ಲೆಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಉಚಿತ ಜಾತಕ" ಅಂತ ಜಾಹೀರಾತು ಕೊಟ್ಟು, ಕೇಳಿದವರಿಗೆಲ್ಲ ಒಂದೇ ಜಾತಕ ಕಳಿಸಿದ. ಮೊದಲು ಉತ್ತರಿಸಿದ 150 ಜನರಲ್ಲಿ ಶೇಕಡಾ 94 ಮಂದಿ "ಇದು ನಾನೇ" ಅಂದರು. ಆ ಜಾತಕ ಯಾರದ್ದು? ಮಾರ್ಸೆಲ್ ಪೆಟಿಯೋ. ಇಪ್ಪತ್ತಕ್ಕೂ ಹೆಚ್ಚು ಕೊಲೆ ಮಾಡಿ 1946ರಲ್ಲಿ ಗಿಲೊಟಿನ್‌ಗೆ ತಲೆ ಕೊಟ್ಟ ಡಾಕ್ಟರ್. ಇನ್ನು ಮೇಲೆ ಯಾರಾದರೂ "ಪಕ್ಕಾ ನನ್ನ ಸ್ವಭಾವ" ಅಂದರೆ ನಾನು ಸ್ವಲ್ಪ ದೂರ ಕೂರುತ್ತೇನೆ.

ಮನಸ್ಸಿನ ಶಕ್ತಿಯಿಂದ ಚಮಚ ಬಗ್ಗಿಸುವವರದ್ದೂ ಇದೇ ಕಥೆ. ಯೂರಿ ಗೆಲ್ಲರ್ 1973ರಲ್ಲಿ ಜಾನಿ ಕಾರ್ಸನ್ ಅವರ ಟಿವಿ ಶೋಗೆ ಬಂದ. ಕಾರ್ಸನ್ ತಾನೇ ಮೊದಲು ಜಾದೂ ಮಾಡುತ್ತಿದ್ದವನು. ಜಾದೂಗಾರ ಜೇಮ್ಸ್ ರ‍್ಯಾಂಡಿಯ ಸಲಹೆ ಕೇಳಿ, ಸಾಮಾನುಗಳನ್ನು ಗೆಲ್ಲರ್ ಮುಟ್ಟದಂತೆ ನೋಡಿಕೊಂಡ. ಇಪ್ಪತ್ತು ನಿಮಿಷದ ಮೇಲಾಯಿತು. ಒಂದು ಚಮಚವೂ ಅಲುಗಲಿಲ್ಲ. ಇವತ್ತು ಯಾಕೋ ಶಕ್ತಿ ಬರುತ್ತಿಲ್ಲ ಅಂದ ಗೆಲ್ಲರ್. ಅದೇ ರ‍್ಯಾಂಡಿ 1964ರಲ್ಲಿ ಒಂದು ಸಾವಿರ ಡಾಲರ್‌ನಿಂದ ಶುರು ಮಾಡಿದ, ಇಂಥ ಶಕ್ತಿ ಇದೆ ಅಂತ ಸಾಬೀತು ಮಾಡಿದವರಿಗೆ ಹಣ ಕೊಡುವ ಪಂಥ ಮುಂದೆ ಹತ್ತು ಲಕ್ಷ ಡಾಲರ್ ಆಯಿತು. ಏನು ಮಾಡಿ ತೋರಿಸುತ್ತೀರಿ ಅಂತ ಎರಡೂ ಕಡೆಯವರು ಮೊದಲೇ ಬರೆದು ಸಹಿ ಹಾಕಬೇಕು. ಮೊದಲೇ! ಬರೆದು! 2015ರಲ್ಲಿ ಮುಚ್ಚುವವರೆಗೂ ಆರಂಭದ ಪರೀಕ್ಷೆಯನ್ನೇ ಒಬ್ಬರೂ ದಾಟಲಿಲ್ಲ. ಶ್ರೀಲಂಕಾದಲ್ಲಿ ವಿಚಾರವಾದಿ ಅಬ್ರಹಾಂ ಕೋವೂರ್ 1963ರಲ್ಲೇ ಇಂಥದ್ದೇ ಪಂಥಕ್ಕೆ ಒಂದು ಲಕ್ಷ ರೂಪಾಯಿ ಇಟ್ಟಿದ್ದರು. 1978ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಣ ಹಾಗೇ ಇತ್ತು. ಅಮೆರಿಕದ ಸೇನೆ, ಗುಪ್ತಚರರು ಕೂಡ ಕೂತಲ್ಲೇ ದೂರದ್ದನ್ನು ನೋಡುವವರನ್ನು ಇಟ್ಟುಕೊಂಡು ಇಪ್ಪತ್ತು ವರ್ಷ, ಸುಮಾರು ಎರಡು ಕೋಟಿ ಡಾಲರ್ ಸುರಿದು, 1995ರಲ್ಲಿ ಅಂಗಡಿ ಮುಚ್ಚಿದರು.

"ವಿಜ್ಞಾನಕ್ಕೆ ಎಲ್ಲ ಗೊತ್ತಿಲ್ಲ." ಸರಿ, ಗೊತ್ತಿಲ್ಲ. ಮೊದಲೇ ಬರೆದು ಕೊಡಿ. "ಚಂದ್ರ ಸಮುದ್ರವನ್ನೇ ಎಳೆಯುತ್ತಾನೆ, ಮನುಷ್ಯನನ್ನು ಬಿಡುತ್ತಾನಾ?" ಎಳೆಯಲಿ. ಮೊದಲೇ ಬರೆದು ಕೊಡಿ. "ಸಾವಿರಾರು ವರ್ಷದ ಶಾಸ್ತ್ರ." ಹಾಗಾದರೆ ಬರೆದು ಕೊಡಲು ಇಷ್ಟು ಹೊತ್ತು ಯಾಕೆ? "ಸುಮ್ನೆ ಮನಸ್ಸಿಗೆ ಸಮಾಧಾನ ಸರ್." ಸಮಾಧಾನ ನಿಮಗೆ. ಕುಜದೋಷ ಇದೆ ಅಂತ ಹಿಂತಿರುಗಿಸಿದ ಆ ಹುಡುಗಿಗೆ? ಅವಳನ್ನು ಮದುವೆಯಾದರೆ ಯಾರಿಗೆ, ಯಾವ ದಿನ, ಏನಾಗುತ್ತದೆ ಅಂತ ಬರೆದು ಸಹಿ ಹಾಕಿದ ಒಬ್ಬರನ್ನು ತೋರಿಸಿ! ಒಬ್ಬರನ್ನು! ಮದುವೆ ತಪ್ಪಿಸುವಾಗ ಎಲ್ಲ ಸ್ಪಷ್ಟ, ಕಾಗದ ಮುಂದಿಟ್ಟರೆ ಮಾತ್ರ "ಎಲ್ಲ ದೈವಾಧೀನ"!

ನನಗೆ ಬಿಪಿ ಏರುತ್ತಿದೆ. ಎಡಿಟರ್ ಆ ಕಡೆಯಿಂದ "ಸಾಕು" ಅಂತ ಕೈ ತೋರಿಸುತ್ತಿದ್ದಾನೆ. ಇವನೂ ದಿನಾ ಬೆಳಿಗ್ಗೆ ರಾಶಿಫಲ ಕೇಳಿಕೊಂಡೇ ಬರುತ್ತಾನೆ. ನಗಬೇಡ, ಇದನ್ನು ಕಟ್ ಮಾಡಿದರೆ ಸಂಬಳ ಕಟ್.

ಸ್ಕ್ರಿಪ್ಟ್‌ನಲ್ಲಿ ಇನ್ನೂ ಎರಡು ಪುಟ ಇದೆ, ಓದುವುದಿಲ್ಲ. ಅದರಲ್ಲೂ ಇದನ್ನೇ ಬರೆದಿದ್ದೇನೆ. ಮೊದಲೇ ಬರೆದು ಕೊಡಿ, ಅಷ್ಟೇ. ಕೆಳಗೆ ಜಾಗ ಖಾಲಿ ಇದೆ. ಈ ಚಾನೆಲ್ ಬಗ್ಗೆಯೇ ಹೇಳಿ. ಮುಂದಿನ ತಿಂಗಳ ಕೊನೆಗೆ ಎಷ್ಟು ಸಬ್‌ಸ್ಕ್ರೈಬರ್ ಇರುತ್ತಾರೆ, ಸಂಖ್ಯೆ ಹಾಕಿ. "ಏರಿಳಿತ ಇರುತ್ತದೆ" ಅಂದರೆ ಡಿಲೀಟ್ ಮಾಡುತ್ತೇನೆ. ಎಡಿಟ್ ಮಾಡಿದ ಕಾಮೆಂಟ್ ಲೆಕ್ಕಕ್ಕಿಲ್ಲ. ಸಂಖ್ಯೆ ಜಾಸ್ತಿ ಹಾಕಿದವರು ದಯವಿಟ್ಟು ನಾಲ್ಕು ಜನಕ್ಕೆ ಶೇರ್ ಮಾಡಿ, ನಿಮ್ಮ ಮಾತೇ ನಿಜವಾಗಲಿ. ಮುಂದಿನ ವಾರ ವಾಸ್ತು. ಬೆಲ್ ಒತ್ತಿ, ಬರುತ್ತೇನೆ.